ಕೆಂಡ ಬಿಡ್ತದಾ?

ಹಬ್ಬುವಾಡದ ತಿರುವಿನಲ್ಲಿ ನಮ್ಮ ಅಂಗಡಿ.
ಅಂಗಡಿ ನನ್ನದಲ್ಲ, ಬೀಗದ ಕೈ ಮಾತ್ರ ನನ್ನದು.
ಶಿರಸಿ ಕಡೆಯ ಮಿಲ್ಲುಗಳ ಗರಗಸದ ಹೊಟ್ಟು
ಒತ್ತಿಸಿಕೊಂಡು ಕಡ್ಡಿಯಾಗಿ, ಕಿರುಬೆರಳ ತುದಿಯಷ್ಟು ತುಂಡಾಗಿ
ದೇವಿಮನೆ ಘಟ್ಟ ಇಳಿದು ಬರುತ್ತದೆ, ಮಂಗಳವಾರ.
ಪೆಲೆಟ್ ಅನ್ನುತ್ತಾರೆ ಮಾಲಕರು.
ಕೊಳ್ಳುವವರು ಗುಳಿಗೆ ಅನ್ನುತ್ತಾರೆ,
ಒಲೆಗೇ ಜ್ವರ ಬಂದಿದೆಯೋ ಎಂಬ ಹಾಗೆ.

ನನಗೆ ಬರುವುದು ಒಂದೇ ಭಾಷಣ:
ಹೊಗೆ ಇಲ್ಲ, ಮಸಿ ಇಲ್ಲ, ಊದುಗೊಳವೆ ಬೇಡ,
ಕೆಳಗೊಂದು ಪುಟ್ಟ ಫ್ಯಾನು, ಮೊಬೈಲಿನ ಚಾರ್ಜರು ಸಾಕು,
ಹಂಡೆ ನೀರಿಗೆ ಒಂದೂವರೆ ಕಿಲೋ.

ಮಾಣ್ಕುಬಾಯಿ ಬಂದದ್ದು ಮೇ ತಿಂಗಳ ಕೊನೆಗೆ.
ಕೋಡಿಬಾಗದಿಂದ ಸುಂಕೇರಿಯವರೆಗೆ
ಬಾಣಂತಿಯರಿಗೆ ನೀರು ಹಾಕುವ ಕೈ.
ಭಾಷಣ ಮುಗಿಯುವ ಮೊದಲೇ ಚೀಲಕ್ಕೆ ಕೈ ಹಾಕಿ
ಒಂದು ಮುಷ್ಟಿ ಮೂಸಿ, ಒಂದು ಗುಳಿಗೆ ಕಚ್ಚಿ ಉಗುಳಿ,
"ಮತ್ತಿ ಉಂಟು. ಸ್ವಲ್ಪ ಹಲಸು.
ನಡುವೆ ಯಾರದೋ ಮನೆಯ ಹಳೇ ಕಿಟಕಿ,
ಬಣ್ಣದ ವಾಸನೆ. ಇದು ಬೇಡ, ಬೇರೆ ಚೀಲ ಬಿಚ್ಚು."
ಚೀಲದ ಮೇಲೆ ಬರೆದಿತ್ತು: ಬೂದಿ ಶೇಕಡಾ ಎರಡು, ತೇವ ಎಂಟು.
ಮರದ ಹೆಸರು ಎಲ್ಲೂ ಇರಲಿಲ್ಲ.

ನನ್ನ ಚಾದ ಲೋಟ ತೊಳೆದು, ನೀರು ತುಂಬಿ
ನಾಲ್ಕು ಗುಳಿಗೆ ಹಾಕಿದರು.
ನೋಡನೋಡುತ್ತ ಉಬ್ಬಿದವು, ಬಿರಿದವು,
ಮತ್ತೆ ಹೊಟ್ಟಾಗಿ ತೇಲಿದವು.
"ನಮ್ಮೂರ ಗಾಳಿಯೇ ಅರ್ಧ ನೀರು ಮಗಾ, ಎಲ್ಲಿಡಲಿ ಇದನ್ನು?"
ಅಕ್ಕಿ ಡಬ್ಬದಲ್ಲಿ, ಅಂದೆ.
"ಮತ್ತೆ ಅಕ್ಕಿ?"

ಒಲೆ ಹೊತ್ತಿಸಿ ತೋರಿಸಿದೆ. ಫ್ಯಾನು ಗುಂಯ್ ಎಂದಿತು,
ಉರಿ ನೆಟ್ಟಗೆ ನಿಂತಿತು, ಸ್ಕೂಲಿನ ಸಾಲಿನ ಹಾಗೆ.
ಆರುವವರೆಗೂ ಕೂತರು, ಮುಕ್ಕಾಲು ಗಂಟೆ,
ಆಮೇಲೆ ಕಡ್ಡಿಯಿಂದ ಕೆದಕಿದರು: ಒಂದು ಚಮಚ ಬಿಳಿ ಬೂದಿ.
"ಕೆಂಡ ಬಿಡ್ತದಾ?"
ಇಲ್ಲ, ಪೂರಾ ಉರೀತದೆ, ಅದೇ ಇದರ ಹೆಚ್ಚುಗಾರಿಕೆ.
"ಮಿಂದು ಬಂದವಳ ಕೂದಲಿಗೆ ಹೊಗೆ ಯಾರು ಕೊಡಬೇಕು?
ನಿನ್ನ ಫ್ಯಾನಾ?"

ಆದರೂ ಕೊಂಡರು. ಒಲೆಯನ್ನು ಕಂತಿನಲ್ಲಿ, ಗುಳಿಗೆಯನ್ನು ಉದ್ರಿಯಲ್ಲಿ.
ಈಗಿನ ಬಾಣಂತಿಯರು ಎರಡನೇ ಮಾಳಿಗೆಯಲ್ಲಿರುತ್ತಾರಂತೆ,
ಟೈಲ್ಸಿನ ಮೇಲೆ ಸೌದೆ ಉರಿಸಲು ಯಾರು ಬಿಡುತ್ತಾರೆ.
ಗೀಸರಿನ ನೀರು ಚರ್ಮಕ್ಕೆ, ಒಲೆಯ ನೀರು ಎಲುಬಿಗೆ,
ಹೀಗಂದು, ಪಕ್ಕದ ಎಣ್ಣೆ ಗಾಣದಿಂದ
ಎರಡು ಗೆರಟೆ ಬೇಡಿ ತಂದು ಚೀಲದ ಮೇಲಿಟ್ಟರು.
ಕೆಂಡಕ್ಕೆ.

ಹದಿನೈದು ಕಿಲೋ, ಹತ್ತು ಹಂಡೆ.
ಪ್ರತಿ ಸಲ ಬಂದಾಗಲೂ ಹೇಳುತ್ತಿದ್ದರು, ನಾನು ಕೇಳದೆಯೇ,
ನಾನೂ ಬರೆಯತೊಡಗಿದೆ, ಅವರು ಕೇಳದೆಯೇ:
ಹದಿನೈದು. ಸುಂಕೇರಿ. ಹೆಣ್ಣು.
ಹದಿನೈದು. ಬೈತಖೋಲ, ಬೋಟಿನವರ ಮನೆ. ಗಂಡು.
ಮೂವತ್ತು. ನಂದನಗದ್ದಾ. ಅವಳಿ, ಎರಡೂ ಹೆಣ್ಣು,
ಅಜ್ಜಿ ಪೇಡೆ ಕೊಟ್ಟಿಲ್ಲ.
ಮಾಲಕರ ಉದ್ರಿ ಪುಸ್ತಕಕ್ಕೆ
ಅವರಿಗೇ ತಿಳಿಯದ ಒಂದು ಕಾಲಮ್ಮು ಬೆಳೆಯಿತು.

ಆಷಾಢದಲ್ಲೊಂದು ದಿನ ಕೊಡೆ ಮಡಚದೆ ಬಾಗಿಲಲ್ಲೇ ನಿಂತು
"ಏಳೂವರೆ ತೂಗು" ಅಂದರು.
ಎಲ್ಲಿ, ಅಂದೆ.
"ಕೋಡಿಬಾಗ."
ಪೆನ್ನು ಕಾಲಮ್ಮಿನ ಮೇಲೆ ಕಾಯುತ್ತಿತ್ತು.
"ತಾಯಿಗೆ ಮಾತ್ರ."

ತಕ್ಕಡಿ ಸಮ ನಿಂತಿತ್ತು. ನಾನು ಮೇಲೊಂದು ಹಿಡಿ ಹಾಕಿದೆ.
ಅವರು ಅದನ್ನು ಒಂದೊಂದಾಗಿ ಆರಿಸಿ ನನ್ನ ಚೀಲಕ್ಕೇ ಹಾಕಿದರು,
"ತೂಕ ತೂಕವೇ."
ಗಾಣಕ್ಕೆ ಓಡಿ ಗೆರಟೆ ತಂದುಕೊಟ್ಟೆ.
ಅದನ್ನು ಮಾತ್ರ ತೆಗೆದುಕೊಂಡರು,
ಸೆರಗಿನೊಳಗೆ, ನೆನೆಯದ ಹಾಗೆ.

ಕಾಲಮ್ಮಿನಲ್ಲಿ ಏನೂ ಬರೆಯಲಿಲ್ಲ.
ಪೆನ್ನು ಊರಿದ್ದಕ್ಕೆ ಒಂದು ಚುಕ್ಕೆ ಬಿದ್ದಿತ್ತು, ಅಷ್ಟೇ.
ತಿಂಗಳ ಕೊನೆಗೆ ಮಾಲಕರು ಅದನ್ನು ದಶಮಾಂಶವೆಂದು ಓದಿದರು,
ಮುಂದಿನ ನೂರೈದು ರೂಪಾಯಿ ಲೆಕ್ಕದಿಂದ ಜಾರಿಹೋಯಿತು.
ಎರಡು ಸಲ ಕೂಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ.
ನನ್ನ ಸಂಬಳದಲ್ಲಿ ಹಿಡಿದರು.
ನಾನು ತಿದ್ದಲಿಲ್ಲ.